ವಿಲ್ ಇರಬೇಕಾದ ಜಾಗ

ಲಗ್ಗೆರೆ ಬ್ರಿಡ್ಜಿನ ಪಕ್ಕ, ಹಿಟ್ಟಿನ ಗಿರಣಿಯ ಮೇಲ್ಗಡೆ ರೂಮು.
ಏಳು ಗಂಟೆಗೆ ಮಿಷನ್ನು ನಿಂತ ಮೇಲೇ ಕ್ಲಾಸು,
ಅಲ್ಲೀವರೆಗೆ ಎಸ್ತರ್ ಟೀಚರ್ ಬಾಯಿ ಆಡೋದಷ್ಟೇ ಕಾಣುತ್ತೆ.
ಬೆಂಚಿನ ಮೇಲೆ ಬಿಳೀ ಪುಡಿ,
ಚಾಕ್‌ಪೀಸೋ ಅಕ್ಕಿಹಿಟ್ಟೋ ನೆಕ್ಕಿ ನೋಡಿದರೆ ಗೊತ್ತಾಗುತ್ತೆ.
ನೋಡಿದರೆ.
ಅಲ್ಲೇ ಇದೆಯಂತೆ ಇವತ್ತಿನ ಪಾಠ.

"ನಮ್ಮದರಲ್ಲಿ ಷರತ್ತು ಬಾಲದಲ್ಲಿರುತ್ತೆ," ಅಂದರು ಟೀಚರ್,
"ಬಂದರೆ, ಹೋದರೆ, ಕೊಟ್ಟರೆ.
ಕೊನೇ ಅಕ್ಷರ ಬೀಳೋವರೆಗೂ ಗೊತ್ತಾಗಲ್ಲ
ನಿಜವಾಗಿ ಬಂದನೋ, ಬರೋದೇ ಅನುಮಾನವೋ.
ಇಂಗ್ಲಿಷಿನವರು ಬಾಗಿಲಲ್ಲೇ ಚಪ್ಪಲಿ ಬಿಡಿಸ್ತಾರೆ:
ಇಫ್."

ಇಫ್ ಹೀ ವಿಲ್ ಕಮ್, ಅಂತ ಬರೆದಿದ್ದೆ.
ಕೆಂಪು ಗೀಟು.
ವಿಲ್ಲನ್ನು ಎತ್ತಿ ಆಚೆ ವಾಕ್ಯದಲ್ಲಿಡಬೇಕು:
ಇಫ್ ಹೀ ಕಮ್ಸ್, ಐ ವಿಲ್ ಕುಕ್.
ಇನ್ನೂ ಬಾರದವನನ್ನ ದಿನಾ ಬರೋನ ಹಾಗೆ ಹೇಳಬೇಕಂತೆ.
ಪಕ್ಕದಲ್ಲಿ ಸಫೂರಾ ಗೊಣಗಿದಳು,
"ಬರಲ್ಲ ಬಿಡೇ ಅವನು. ಯಾವ ಟೆನ್ಸಲ್ಲೂ."

ಇನ್ ಕೇಸ್ ಬೇರೆ.
ಮಳೆ ಬಂದರೆ ಕೊಡೆ ತಗೋತೀನಿ ಅನ್ನೋಳು ನೆನೆದು ಬರ್ತಾಳೆ,
ಬಂದರೂ ಬಂದೀತು ಅಂತ ಬೆಳಿಗ್ಗೇನೇ ಬ್ಯಾಗಿಗೆ ಹಾಕ್ಕೊಂಡೋಳು ಇನ್ ಕೇಸ್.
ನಮ್ಮಮ್ಮ ಸೆರಗಿನ ತುದಿಗೆ ಗಂಟು ಹಾಕಿಡುತ್ತಿದ್ದ ಐವತ್ತು ರೂಪಾಯಿ
ಅದೇ ಅಲ್ಲವಾ?
ಎಬಿಸಿಡಿ ಬಾರದೆ ಅದೊಂದನ್ನ
ಸಾಯೋವರೆಗೂ ತಪ್ಪಿಲ್ಲದೆ ಬಳಸಿದಳು.

ನಾನು ಬಂದದ್ದು ಅನ್‌ಲೆಸ್‌ಗಾಗಿ.

ಹೋದ ವರ್ಷ ಮಾರ್ಚಿ, ಓಟಿ ದುಡ್ಡು ಮೂರು ತಿಂಗಳಿಂದ ನಿಂತಿತ್ತು.
ನಾಲ್ಕನೇ ಲೈನಿನ ಹದಿನೇಳು ಜನ ಕ್ಯಾಂಟೀನಿನ ಹಿಂದೆ ಕೂತು
ಬೈಯರುಗಳಿಗೂ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲೇ ಕಾಗದ ಬರೆದೆವು.
ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ಪೆನ್ನು ನನ್ನ ಕೈಲಿ.
ಅನ್‌ಲೆಸ್ ಯು ಡೋಂಟ್ ಪೇ, ವಿ ವಿಲ್ ನಾಟ್ ವರ್ಕ್.
ಎಷ್ಟು ಇಲ್ಲ ಹಾಕಿದರೆ ಅಷ್ಟು ಗಟ್ಟಿ ಅಂದ್ಕೊಂಡಿದ್ದೆ,
ಗುಂಡಿಗೆ ಎರಡು ಸುತ್ತು ದಾರ ಜಾಸ್ತಿ ಸುತ್ತೋ ಹಾಗೆ.
ಮ್ಯಾನೇಜರು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.
"ದುಡ್ಡು ಕೊಟ್ಟರೆ ಕೆಲಸ ಮಾಡಲ್ಲ ಅಂತೀರಾ?
ಸರಿಯಮ್ಮ, ಕೊಡಲ್ಲ ಬಿಡಿ."
ಫ್ಲೋರಿನ ತುಂಬ ನಗು.
ನಾನೂ ನಕ್ಕೆ. ಅದೇ ಇನ್ನೂ ಸುಡುತ್ತೆ.

ಅನ್‌ಲೆಸ್ಸಿನ ಹೊಟ್ಟೆಯಲ್ಲೇ ಒಂದು ನಾಟ್ ಇದೆಯಂತೆ,
ಇನ್ನೊಂದನ್ನ ತುರುಕಿದರೆ ಎರಡೂ ಹೊಡೆದಾಡಿಕೊಂಡು ಸಾಯುತ್ತವಂತೆ.
ನಾನು ಬಿಚ್ಚೋದರಲ್ಲಿ ಜಾಣೆ. ಆಲ್ಟರ್ ಟೇಬಲ್ಲಿನಲ್ಲಿ ಆರು ವರ್ಷ
ಬಟ್ಟೆಗೇ ಗೊತ್ತಾಗದ ಹಾಗೆ ಹೊಲಿಗೆ ತೆಗೆದವಳು.
ಡೋಂಟ್ ಒಂದನ್ನೇ ಹಿಡಿದು ಎಳೆದೆ.
ಅನ್‌ಲೆಸ್ ಯು ಪೇ, ವಿ ವಿಲ್ ನಾಟ್ ವರ್ಕ್.
ಸುಕ್ಕಿಲ್ಲ.

ಆದರೆ
ಕೊಡೋಣವೆಂದರೆ ಆ ಫ್ಯಾಕ್ಟರಿ ಈಗ ಅಲ್ಲಿಲ್ಲ.
ಜುಲೈಯಲ್ಲೇ ಮಿಷನ್ನುಗಳು ಲಾರಿ ಹತ್ತಿ ಮದ್ದೂರಿನ ಕಡೆ ಹೋದವು.

ಈ ಆದರೆಯನ್ನ ಟೀಚರೂ ಪೂರ್ತಿ ಬಿಡಿಸಲಾರರು.
ಬಟ್ ಅಂದರೂ ಆದರೆ, ಇಫ್ ಅಂದರೂ ಆದರೆ.
ಅವರಲ್ಲಿ ಎರಡಕ್ಕೂ ಬೇರೆ ಬೇರೆ ಮನೆ,
ನಮ್ಮಲ್ಲಿ ಒಂದೇ ವಠಾರ, ಒಂದೇ ನಲ್ಲಿ.
"ಕೆಲಸ ಆದರೆ ಫೋನ್ ಮಾಡ್ತೀನಿ," ಅನ್ನುತ್ತಾನೆ ಲೇಬರ್ ಆಫೀಸಿನವನು,
ನನಗೆ ಬಟ್ ಮಾತ್ರ ಕೇಳಿಸುತ್ತೆ.

ಮುಂದಿನ ವಾರ ಹ್ಯಾಡ್ ಅಂತೆ:
ಬರೆದಿದ್ದರೆ, ಕೊಟ್ಟಿದ್ದರೆ, ಇದ್ದಿದ್ದರೆ.
ಸಫೂರಾ ಬರೋದಿಲ್ಲವಂತೆ.
"ಆಗಿಹೋದದ್ದಕ್ಕೂ ಇಫ್ ಹಾಕೋರ ಹತ್ರ ನಾನೇನು ಕಲೀಲಿ?"

ಸರಿಮಾಡಿದ ಹಾಳೆ ಹರಿದು, ಮಡಚಿ, ಆಧಾರ್ ಕಾರ್ಡಿನ ಹಿಂದೆ ಇಟ್ಟೆ.
ಹೊಸ ಕಂಪನಿಯಲ್ಲಿ ಓಟಿ ಇಲ್ಲೀವರೆಗೆ ಸರಿಯಾಗಿ ಬರ್ತಿದೆ.
ಕೆಳಗಿಂದ ಗಿರಣಿಯವನು ಕೂಗಿದ,
ಲೈಟು ಆರಿಸಿದರೆ ಬೀಗ ಹಾಕ್ತೀನಿ.
ಇಫ್ ಯು ಸ್ವಿಚ್ ಆಫ್, ಐ ವಿಲ್ ಲಾಕ್,
ಕತ್ತಲ ಮೆಟ್ಟಿಲಿಳಿಯುತ್ತ ಹೇಳಿಕೊಂಡೆ.
ವಿಲ್ ಅದರ ಜಾಗದಲ್ಲಿತ್ತು.