ಡಬ್ಬಿಯ ಮೇಲಿನ ಮರ

ಜೆ.ಸಿ. ರಸ್ತೆಯಲ್ಲಿ ನನ್ನ ಕೆಲಸ
ಕಾರಿನ ಮೈ ಉಜ್ಜುವುದು.
ಅಂಗೈಯಗಲದ ಡಬ್ಬಿ, ಒಳಗೆ ಹಳದಿ ಮೇಣ,
ಮುಚ್ಚಳದ ಮೇಲೊಂದು ಮರ:
ತಾಳೆಯಂಥದ್ದು, ನಮ್ಮ ತಾಳೆಯಲ್ಲ,
ಬೀಸಣಿಗೆ ಬಿಚ್ಚಿಕೊಂಡು ಬಸ್ಸಿಗೆ ಕಾದಂತೆ ನಿಂತಿದೆ.

ಉಜ್ಜಿ ಮುಗಿದ ಮೇಲೆ ಓನರ್ರು ಬಾಟಲಿಯಿಂದ
ನಾಲ್ಕು ಹನಿ ಚಿಮುಕಿಸುತ್ತಾರೆ.
ಮುತ್ತಾಗಿ ಉರುಳಿದರೆ ಪಾಸು.
ಹರಡಿಕೊಂಡರೆ ಮತ್ತೆ ಬಟ್ಟೆ ಹಿಡಿ.

ಹನ್ನೊಂದು ವರ್ಷ ಆ ಮರದ ಬೆವರು ಸವರಿದೆ.
ಬೆವರಲ್ಲವೋ, ಬೆವರದಿರೋ ಉಪಾಯ, ಅಂದವನು
ರಾತ್ರಿ ಕಾವಲಿನ ಪಿಳ್ಳಪ್ಪ,
ಲಾಲ್‌ಬಾಗಿನಲ್ಲಿ ಗುದ್ದಲಿ ಸವೆಸಿ ಬಂದವನು.
"ಆರು ತಿಂಗಳು ಹನಿ ಕಾಣದ ಸೀಮೆ ಅದರದ್ದು.
ಒಳಗಿನ ನೀರು ಒಳಗೇ ಇರಲಿ ಅಂತ
ಎಲೆಗೆ ತಾನೇ ಮೇಣ ಬಳಕೊಳ್ಳುತ್ತೆ.
ಜನ ಎಲೆ ಕೊಯ್ದು, ಒಣಗಿಸಿ, ಬಡಿದು, ಪುಡಿ ಉದುರಿಸಿ...
ತಗೋ, ನಿನ್ನ ಡಬ್ಬಿ."

ಅವನದೂ ಒಂದಿದೆ, ಸಿದ್ದಾಪುರದ ಗಲ್ಲಿಯಲ್ಲಿ, ಸಂಪಿನ ಪಕ್ಕ.
ಫಲಪುಷ್ಪ ಪ್ರದರ್ಶನದಲ್ಲಿ ಯಾರೋ ಬಿಟ್ಟುಹೋದ
ಮೂರು ಬೀಜದಲ್ಲಿ ಹುಟ್ಟಿದ್ದು ಒಂದೇ.
ಮೂವತ್ತು ವರ್ಷ ಬೆಳೆಯಿತು, ಒಂದು ಚಿಟಿಕೆ ಮೇಣ ಕೊಡಲಿಲ್ಲ.
ಈ ಊರಿನ ತಂಪಿಗೆ ಸೋಮಾರಿ ಬಿದ್ದಿದೆ ಅಂತ
ಬೈದು ಬೈದು ಸಾಕಾದ.
ಸೊಸೆ ಸಾವಿತ್ರಮ್ಮ ಅದಕ್ಕೆ ಬಟ್ಟೆ ಹಗ್ಗ ಕಟ್ಟಿದಳು.

ಈ ವರ್ಷ ಮಾವಿನ ಮಳೆ ಬರಲಿಲ್ಲ.
ನಲ್ಲಿ ಕೆಮ್ಮಿತು, ಆಮೇಲೆ ಕೆಮ್ಮುವುದನ್ನೂ ಬಿಟ್ಟಿತು.
ಓನರ್ರು ಬಾಟಲಿ ಬೀರುವಿನಲ್ಲಿಟ್ಟರು:
"ಹನಿ ಗಿನಿ ಬೇಡ, ಬೆರಳಲ್ಲೇ ನೋಡು."

ಭಾನುವಾರ ಪಿಳ್ಳಪ್ಪ ಕರೆದ. ಹೋದೆ.
ಒಣ ಬಟ್ಟೆ ಸರಿಸಿ, ಒಂದು ಗರಿ ಬಗ್ಗಿಸಿ,
ಮಗುವಿನ ಹಣೆ ಮುಟ್ಟುವಂತೆ
ಬೆರಳು ಎಳೆದ.
ತುದಿಯಲ್ಲಿ ಬಿಳಿ.
ರಾಗಿ ಹಿಟ್ಟಿನಷ್ಟೂ ಅಲ್ಲ, ವಿಭೂತಿಯಷ್ಟೂ ಅಲ್ಲ,
ಇದ್ದೂ ಇಲ್ಲದಷ್ಟು.

ನಗುತ್ತಾನೇನೋ ಅಂದುಕೊಂಡಿದ್ದೆ.
ಗರಿ ಮೆಲ್ಲಗೆ ಬಿಟ್ಟ.
"ಕಲಿತುಬಿಡ್ತಲ್ಲೋ" ಅಂದ,
ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ ಹುಡುಗನ ಬಗ್ಗೆ ಹೇಳುವ ಹಾಗೆ.

ಆ ಪುಡಿಯನ್ನು ನನ್ನ ಹೆಬ್ಬೆರಳ ಉಗುರಿಗೆ ತಿಕ್ಕಿದೆ,
ಅಭ್ಯಾಸ, ಸುತ್ತು ಸುತ್ತಾಗಿ.
ಗಲ್ಲಿಯ ತುದಿಯಲ್ಲಿ ಟ್ಯಾಂಕರಿನ ಹಾರನ್ನು.
ಬಕೆಟ್ಟು, ಕೊಡ, ಕ್ಯಾನು, ಜಗಳ.
ಸಾವಿತ್ರಮ್ಮ ನನ್ನ ಕೈಗೂ ಒಂದು ಕೊಡ ತುರುಕಿದಳು.

ಪೈಪಿನಿಂದ ಸಿಡಿದ ಮೊದಲ ಹನಿ
ಉಗುರ ಮೇಲೆ ಬಿತ್ತು,
ಒಂದು ಗಳಿಗೆ ದುಂಡಗೆ ನಿಂತು
ಉರುಳಿಹೋಯಿತು, ರಸ್ತೆಗೆ.

ಪಾಸು.