ತಾಳು

ಇಟೆನ್‌ನಲ್ಲಿ ಎಲ್ಲರೂ ದೂರಕ್ಕೆ ಓಡುವವರು.
ಕೋಳಿ ಕೂಗುವ ಮೊದಲೇ ಕೆಮ್ಮಣ್ಣಿನ ದಾರಿಯಲ್ಲಿ
ಐವತ್ತು ಜನ ಸೇರಿ ಒಂದೇ ಸಹಸ್ರಪದಿ,
ಗುಡ್ಡ ಹತ್ತಿ, ಗುಡ್ಡ ಇಳಿದು,
ಚಹಾ ಕುದಿಯುವ ಹೊತ್ತಿಗೆ ವಾಪಸು.

ಅಂಥ ಊರಲ್ಲಿ ಜೆಲಗಾಟ್.
ಮುಸ್ಸಂಜೆ ಹುಟ್ಟಿದವಳು ಎಂದು ಹೆಸರೇ ಹೇಳುತ್ತದೆ.
ಭೂಮಧ್ಯರೇಖೆಯ ಹತ್ತಿರ ಮುಸ್ಸಂಜೆ ಬಲು ಗಿಡ್ಡ;
ಅವಳ ಓಟವೂ ಹಾಗೇ,
ನೋಡಬೇಕೆಂದು ಕತ್ತು ತಿರುಗಿಸಿದರೆ ಮುಗಿದಿರುತ್ತಿತ್ತು.
ನೂರು ಮೀಟರು, ಹನ್ನೊಂದೂ ಮುಕ್ಕಾಲು ಸೆಕೆಂಡು.
‘ಇದೂ ಒಂದು ಓಟವೇ?’ ಎನ್ನುತ್ತಿದ್ದಳು ಅವಳಜ್ಜಿ,
‘ಯಾರೋ ಸೀನಿದ ಹಾಗಾಯಿತು.’

ನಾನು ಮಂಡಿ ಕೆಟ್ಟ ಮ್ಯಾರಥಾನಿ,
ಈಗ ಗಡಿಯಾರ ಹಿಡಿಯುವವನು.
ಸಿರ್ಮಾ ನನ್ನ ಅನ್ನದಾತ, ಎಲ್ಲರ ಕೋಚು.
ಕೊನೆಯ ಮೂವತ್ತು ಮೀಟರಲ್ಲಿ ಹುಡುಗಿ ಸಡಿಲವಾಗುವುದು ಕಂಡು
ಅವನೆಂದ: ‘ದಮ್ಮಿಲ್ಲ. ನಾಳೆಯಿಂದ ಬೆಳಿಗ್ಗೆ ಎಂಟು ಕಿಲೋಮೀಟರು.’
ನೂರು ಮೀಟರಿಗೆ ಬೇಕಾದ್ದು ದಮ್ಮಲ್ಲ,
ಅದು ನನಗೆ ಗೊತ್ತಿತ್ತು.
ಹೇಳಲಿಲ್ಲ.

‘ತಾಳು,’ ಎಂದು ಕೂಗುತ್ತಿದ್ದ ಸೈಕಲ್ಲಿನ ಮೇಲಿಂದ,
‘ತಾಳು ಹುಡುಗಿ, ಇನ್ನೊಂದೇ ಗುಡ್ಡ.’
ಸಹಿಸು ಎಂದು ಅವನ ಮಾತು.
ನಿಧಾನ ಎಂದು ಕೇಳಿಸಿಕೊಂಡವು ಅವಳ ಕಾಲು.

ಮೊದಲು ನೆಲ ಅವಳಿಗೆ ಕಾದ ಹೆಂಚು,
ಮುಟ್ಟಿದರೆ ಮುಟ್ಟಿದೆ, ಇಲ್ಲದಿದ್ದರೆ ಇಲ್ಲ.
ಮೂರು ತಿಂಗಳಿಗೆ ಚಾಪೆಯಾಯಿತು.
ಹಿಮ್ಮಡಿ ಕೂತು ಏಳತೊಡಗಿತು,
ಮನೆಗೆ ಬಂದ ನೆಂಟರ ಹಾಗೆ.
ತೊಡೆ ಕರಗಿತು, ನಿದ್ದೆ ಬಂತು, ಹಸಿವು ಬಂತು,
ಎದೆ ಏರಿಳಿಯುವುದು ನೋಡಲಿಕ್ಕೆ ಚೆಂದ.
ಗಡಿಯಾರ ಮಾತ್ರ ಹನ್ನೆರಡು ಎಂದಿತು.
‘ಬ್ಯಾಟರಿ ಬದಲಿಸು,’ ಎಂದ ಸಿರ್ಮಾ.
ಬದಲಿಸಿದೆ.
ಹನ್ನೆರಡೂ ಕಾಲು.

ನಕುರುವಿನಲ್ಲಿ ಪಂದ್ಯ.
ಗುಂಡು ಹಾರಿತು. ಉಳಿದ ಏಳು ಜನ ಹಾರಿದರು.
ಜೆಲಗಾಟಳ ಕಾಲು ಒಂದು ಗಳಿಗೆ ಯೋಚಿಸಿತು,
ಇವತ್ತು ಎಷ್ಟು ಗುಡ್ಡವೋ ಎಂದು.
ಕೊನೆಯ ಮೂವತ್ತು ಮೀಟರಲ್ಲಿ ಚೂರೂ ಸಡಿಲವಾಗಲಿಲ್ಲ,
ಹಾಗಂತ ಬರೆದುಕೊಂಡೆ, ಸುಳ್ಳಲ್ಲ.
ಆರನೆಯವಳಾಗಿ ಬಂದಳು.
ಗೆದ್ದವಳು ಹುಲ್ಲಿನ ಮೇಲೆ ಬಿದ್ದು ಮೀನಿನಂತೆ ಬಾಯಿ ಬಿಡುತ್ತಿದ್ದಳು.
ಇವಳು ನಿಂತೇ ಇದ್ದಳು, ಬಾಯಿ ಮುಚ್ಚಿ,
ಯಾರನ್ನೋ ಕರೆದೊಯ್ಯಲು ಬಂದವಳಂತೆ.

ಬರುವಾಗ ಊರು ಹನ್ನೊಂದು ಕಿಲೋಮೀಟರು ಇದೆ ಎನ್ನುವಾಗ
ಮಟಾಟುವಿನ ಟೈರು ಒಡೆಯಿತು.
ಮೊಳೆ ಬೂಟು ಕೊರಳಿಗೆ ನೇತುಹಾಕಿ ಇಳಿದಳು,
ಏರುದಾರಿಯಲ್ಲಿ ಓಡಿ ಮರೆಯಾದಳು.
ನಾವು ಹೋಗಿ ಮುಟ್ಟುವಾಗ ಅವರ ಅಂಗಳದಲ್ಲಿ
ಹಾಲಿನ ಸೋರೆಬುರುಡೆ ತೊಳೆಯುತ್ತ ಕೂತಿದ್ದಳು.
‘ನೋಡಿ,’ ಎಂದು ಮಣಿಕಟ್ಟು ಚಾಚಿದಳು ನನ್ನ ಕಡೆ.
ನಾಡಿ ಮಧ್ಯಾಹ್ನದ ದನದಷ್ಟು ಶಾಂತ.
‘ನೋಡಿ, ಹನ್ನೊಂದು ಕಿಲೋಮೀಟರು. ಏದುಸಿರೂ ಇಲ್ಲ.’
ಆಮೇಲೆ ಅತ್ತಳು.
ಅಳುವಿಗೂ ಅವಳ ಉಸಿರು ಕಟ್ಟಲಿಲ್ಲ,
ಅದೇ ನನ್ನನ್ನು ಕೊಂದದ್ದು.

ಮರುದಿನ ಸಹಸ್ರಪದಿ ಬೇಲಿಯಾಚೆ ಹೋಯಿತು.
‘ಬಾರೇ!’ ಎಂದಿತು ಅದರ ನಡುವಿನ ಯಾವುದೋ ಬಾಯಿ.
ಅವಳು ಹೋಗಲಿಲ್ಲ. ಒಲೆಯ ಬೂದಿ ತಂದು
ಹೊಲದಂಚಿಗೆ ಒಂದು ಗೆರೆ, ಮೂವತ್ತು ಹೆಜ್ಜೆ ಆಚೆ ಇನ್ನೊಂದು.
ಒಂದು ಸಲ ಓಡಿದಳು.
ಕೂತಳು. ಹತ್ತು ನಿಮಿಷ ಸುಮ್ಮನೆ ಕೂತಳು,
ಇರುವೆ ನೋಡುತ್ತ.

ಸಿರ್ಮಾ ಸೈಕಲ್ಲು ಒರಗಿಸಿದ.
‘ಯಾಕೆ ಕೂತಿದ್ದಾಳೆ ಇವಳು?
ಎಬ್ಬಿಸು. ಬಿಸಿಲೇರುತ್ತಿದೆ.’
ಗಡಿಯಾರ ನನ್ನ ಜೇಬಲ್ಲಿತ್ತು, ತೆಗೆಯಲಿಲ್ಲ.
ಇಪ್ಪತ್ತು ವರ್ಷ ಅವನ ಉಪ್ಪು ತಿಂದ ಬಾಯಿ
ಒಣಗಿತ್ತು. ಆದರೂ ಅಂದೆ:

‘ತಾಳಿ ಸ್ವಲ್ಪ.’