ಹದಿನಾರನೇ ಕಾಲಂ

ಮಸೇರುವಿನ ಕಚೇರಿ, ಜುಲೈ ಚಳಿ.
ಸೀಮೆಎಣ್ಣೆ ಹೀಟರಿನ ಘಾಟಿನಲ್ಲಿ
ನಾಡಿನ ಶಾಲೆಗಳನ್ನು ಎಣಿಸುತ್ತಿದ್ದೇವೆ
ನಾನು, ಮತ್ತು ಫಿನ್ಲೆಂಡಿನಿಂದ ಬಂದ ಸಿರ್ಕ್ಕಾ.

ಆಕೆಯ ತಖ್ತೆಗೆ ಹದಿನೈದು ಕಾಲಂ:
ಬೆಂಚು, ಬೋರ್ಡು, ಕಕ್ಕಸು, ಮೇಷ್ಟ್ರು...
"ಖಾಲಿ ಬಿಡಬೇಡ, ಪುಲೆಂಗ್,
ಖಾಲಿಗೆ ಯಾರೂ ದುಡ್ಡು ಕೊಡರು."

ಸರಿ. ಆದರೆ ಮೊಖೋಟ್ಲೊಂಗಿನ ಈ ಹಾಳೆ:
ಏಳನೇ ತರಗತಿ, ಹುಡುಗಿಯರು ಇಪ್ಪತ್ತೆರಡು,
ಹುಡುಗರು ಮೂರು.
"ತಪ್ಪು ತುಂಬಿದ್ದಾರೆ" ಅಂದಳು.

ಇಲ್ಲ.
ಮಿಕ್ಕವರು ಬೆಟ್ಟದ ಮೇಲಿದ್ದಾರೆ,
ಕಂಬಳಿ ಹೊದ್ದು, ಯಾರದೋ ಕುರಿ ಕಾಯುತ್ತ.
ನನ್ನಣ್ಣ ಮೊಹಾಪಿಯೂ ಅಲ್ಲೇ ಇದ್ದ.
ನೂರಾ ನಲವತ್ತು ಕುರಿ, ದಿನಾ ಸಂಜೆ
ಒಂದೂ ತಪ್ಪದೆ ಎಣಿಸುತ್ತಿದ್ದ.
ಅವನನ್ನು ಮಾತ್ರ ಯಾರೂ ಎಣಿಸಲಿಲ್ಲ.

ಬಹಳ ಹೊತ್ತು ಹೀಟರೊಂದೇ ಸದ್ದು ಮಾಡಿತು.
ಆಮೇಲೆ ಮೌಸ್ ಸರಿಸಿ
ಹೊಸದೊಂದು ಕಾಲಂ ಎಳೆದಳು. "ಹೆಸರೇನು?"

ಗೊತ್ತು, ಇದು ಸಾಲದು.
ಯೋಜನೆಗೆ ಐದು ವರ್ಷ, ಅನುದಾನಕ್ಕೆ ಮೂರು,
ರಾತ್ರಿಶಾಲೆಯ ಲಾಟೀನಿಗೆ ಎಣ್ಣೆ
ಇವತ್ತೇ ಬೇಕು.

ಆದರೂ ಹೇಳಿದೆ: ಬದಿಸಾನ, ಕುರಿಹುಡುಗರು.
'ಲಿ' ಎಂದು ಬರೆದು 'ದಿ' ಎಂದು ಓದುತ್ತೇವೆ ನಾವು.
ಬರೆದಳು.
ತಪ್ಪಾಗಿ ಓದಿದಳು.
ಮತ್ತೆ ಓದಿದಳು.